ರೇವಾಬಾ ಹಿಟ್ಟು ಮುಟ್ಟದ ಹತ್ತೊಂಬತ್ತು ದಿನ

ಉದ್ಯಾನದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ವಡೋದರಾದ ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆದು ನಕ್ಷೆ ತೋರಿಸುತ್ತಾರೆ. ಇಲ್ಲಿ ಹುಲ್ಲುಹಾಸು, ಇಲ್ಲಿ ನಡೆಯುವ ದಾರಿ, ಇಲ್ಲಿ ಮಳೆನೀರು ಇಂಗಿಸುವ ಗುಂಡಿ. ಎಲ್ಲ ಚೆನ್ನಾಗಿಯೇ ಇರುತ್ತದೆ. ನಾನು ಕೇಳುವುದು ಒಂದೇ ಪ್ರಶ್ನೆ: "ಈ ಪಾರ್ಕಿಗೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುವವರು ಯಾರು?" "ನಾಲ್ಕು ದಿನ ಗೇಟಿನ ಹತ್ತಿರ ನಿಂತು ನೋಡಿ ಬನ್ನಿ, ಆಮೇಲೆ ನಕ್ಷೆ ನೋಡುವ" ಎಂದು ಕಳಿಸಿಬಿಡುತ್ತೇನೆ. ಮುದುಕನಿಗೆ ಅರಳುಮರಳು ಎಂದು ಲಿಫ್ಟಿನಲ್ಲಿ ನಗುತ್ತಾರೋ ಏನೋ. ನಗಲಿ.

ಈ ಪ್ರಶ್ನೆ ಎಷ್ಟೋ ಸಲ ನನ್ನ ಮಾನ ಉಳಿಸಿದೆ. ಸೂರತ್ತಿನಲ್ಲಿ, ಪಾಂಡೇಸರಾದ ಬಟ್ಟೆ ಗಿರಣಿಗಳ ಹತ್ತಿರ ಒಂದು ಪಾರ್ಕನ್ನು ಹೊಸದು ಮಾಡುತ್ತಿದ್ದೆವು. ಬೆಳಿಗ್ಗೆ ಏಳಕ್ಕೆ ನೀರು ಚಿಮ್ಮಿಸುವ ಯಂತ್ರ ತಾನಾಗಿ ಶುರುವಾಗಬೇಕು ಎಂದು ಕಾಗದದಲ್ಲಿತ್ತು. ನಾಲ್ಕು ದಿನ ಗೇಟಿನಲ್ಲಿ ನಿಂತೆ. ಪಾಳಿ ಮುಗಿಸಿದ ಕಾರ್ಮಿಕರು ಸರಿಯಾಗಿ ಏಳು ಗಂಟೆಗೆ ಬಂದು, ಚಪ್ಪಲಿಯನ್ನು ತಲೆದಿಂಬು ಮಾಡಿಕೊಂಡು ಅದೇ ಹುಲ್ಲಿನ ಮೇಲೆ ಮಲಗುತ್ತಿದ್ದರು. ಹತ್ತು ಜನರಿರುವ ಬಾಡಿಗೆ ಕೋಣೆಯಲ್ಲಿ ಅವರ ಸರದಿಯ ಚಾಪೆ ಖಾಲಿಯಾಗಲು ಇನ್ನೂ ಎರಡು ಗಂಟೆ ಬೇಕಿತ್ತು. ನೀರಿನ ಹೊತ್ತನ್ನು ಹಿಂದಿನ ಸಂಜೆ ಐದಕ್ಕೆ ಬದಲಾಯಿಸಿದೆ, ಒಣಗಿದ ಹುಲ್ಲು ಅವರಿಗೆ ಸಿಕ್ಕಿತು. ಮೇಲಿನವರಿಗೆ ಇದು ಗೊತ್ತಾಗಲೇ ಇಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ.

ಆದರೆ ಈ ಪ್ರಶ್ನೆ ಕಲಿಯುವುದಕ್ಕೆ ಮೊದಲು, ಅದನ್ನು ಕೇಳದೆ ನಾನು ಮಾಡಿದ ಒಂದು ತಪ್ಪು ಉಂಟು. ಅದನ್ನು ಬರೆಯಲಿಕ್ಕೇ ಈ ಕಾಗದ ತೆಗೆದದ್ದು. ಯಾವಾಗ ಸೂಪರ್‌ವೈಸರ್ ಆದೆ, ಯಾರು ಶಾಲು ಹೊದಿಸಿದರು ಎಂಬ ಪುರಾಣವನ್ನೆಲ್ಲ ಬಿಟ್ಟಿದ್ದೇನೆ.

ನಾನು ಉಡುಪಿ ಕಡೆಯವನು. ವಡೋದರಾ ಸ್ಟೇಷನ್ ಹತ್ತಿರ ನನ್ನ ಸೋದರಮಾವನ ಹೋಟೆಲ್ ಇತ್ತು. ತೋಟಗಾರಿಕೆಯ ಡಿಪ್ಲೊಮಾ ಕಂಕುಳಲ್ಲಿ ಇಟ್ಟುಕೊಂಡು ಬಂದವನು ಮೊದಲ ಆರು ತಿಂಗಳು ಮಾವನ ಅಕ್ಕಿ ಮೂಟೆಗಳ ಪಕ್ಕ ಮಲಗಿದೆ. ಆಮೇಲೆ ಊರಿನ ಉದ್ಯಾನಗಳನ್ನು ಗುತ್ತಿಗೆಗೆ ಹಿಡಿದು ನೋಡಿಕೊಳ್ಳುವ ಒಂದು ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಆ ಸಂಸ್ಥೆ ಈಗಿಲ್ಲ, ಹೆಸರು ಬೇಡ.

ಮೊದಲ ಪಾರ್ಕಿನಲ್ಲೇ ನಗೆಪಾಟಲಾದೆ. ಮಳೆಗಾಲ ಅಂದರೆ ನಾಲ್ಕು ತಿಂಗಳು ಜಡಿಮಳೆ ಎಂದು ತಿಳಿದವನು ನಾನು. ನೀರು ನಿಂತರೆ ಬೇರು ಕೊಳೆಯುತ್ತದೆ ಎಂದು ಪಾರ್ಕಿನ ತುಂಬ ಚರಂಡಿ ತೋಡಿಸಿದೆ. ಹಿರಿಯ ಮಾಲಿ ಶನಾಭಾಯಿ ಬೀಡಿ ಹಚ್ಚಿ ಎಲ್ಲವನ್ನೂ ನೋಡುತ್ತ ಕೂತಿದ್ದ. ತೋಡಿ ಮುಗಿದ ಮೇಲೆ ಕೇಳಿದ: "ಸಾಹೇಬ್, ನಿಮ್ಮೂರಲ್ಲಿ ನೀರನ್ನು ಓಡಿಸ್ತಾರಾ?"

"ಮತ್ತೆ? ಓಡಿಸದಿದ್ದರೆ ಮುಳುಗಿಹೋಗ್ತೇವೆ."

"ಇಲ್ಲಿ ಹಿಡ್ಕೋತೀವಿ. ಬಂದದ್ದೇ ನಾಲ್ಕು ಹನಿ, ಅದನ್ನೂ ರಸ್ತೆಗೆ ಕಳಿಸಿದರೆ ಮೇ ತಿಂಗಳಲ್ಲಿ ಗಿಡಕ್ಕೆ ನಿಮ್ಮ ಕಣ್ಣೀರು ಹಾಕ್ತೀರಾ?"

ತೋಡಿದ್ದನ್ನೆಲ್ಲ ಅಡ್ಡ ಒಡ್ಡು ಕಟ್ಟಿ ನಿಲ್ಲಿಸಿದೆವು. ಅಲ್ಲಿಂದ ಶನಾಭಾಯಿ ನನ್ನ ಗುರು. ಒಣ ಎಲೆಗೆ ಬೆಂಕಿ ಹಾಕದೆ ಗೊಬ್ಬರ ಮಾಡುವುದು, ಗಿಡದ ಬುಡಕ್ಕೆ ಎಲೆ ಹೊದಿಸಿ ತೇವ ಉಳಿಸುವುದು, ಎಲ್ಲ ಅವನು ಕಲಿಸಿದ್ದು. ಮಧ್ಯಾಹ್ನ ನನ್ನ ಬುತ್ತಿಯ ಚಿತ್ರಾನ್ನ ಅವನಿಗೆ, ಅವನ ರೊಟ್ಟಿ ಮತ್ತು ಗುದ್ದಿ ಒಡೆದ ಈರುಳ್ಳಿ ನನಗೆ. ಅವನು ಹೇಳಿದ ಒಂದು ಮಾತನ್ನು ಮಾತ್ರ ನಾನು ಕೇಳಲಿಲ್ಲ.

ಅದು ಹೊಸ ಶತಮಾನದ ಮೂರೋ ನಾಲ್ಕನೆಯದೋ ವರ್ಷ, ನಾನು ಕೆಲಸಕ್ಕೆ ಸೇರಿ ಎಷ್ಟೋ ವರ್ಷವಾಗಿತ್ತು. ಒಂದು ಹಳೆ ಬಡಾವಣೆಯ ನಡುವಿನ ಸಣ್ಣ ಪಾರ್ಕನ್ನು ಮೇಲ್ದರ್ಜೆಗೆ ಏರಿಸುವ ಕೆಲಸ ಬಂತು. ನಮ್ಮ ಮೇಲಧಿಕಾರಿ ದವೆ ಸಾಹೇಬರು ಕೆಟ್ಟವರಲ್ಲ, ಆದರೆ ಅವರಿಗೆ ಹುಲ್ಲಿನ ಹುಚ್ಚು. "ನೆಲದಲ್ಲಿ ಒಂದು ರೂಪಾಯಿಯಷ್ಟು ಜಾಗವೂ ಬೋಳಾಗಿ ಕಾಣಬಾರದು ಅಣ್ಣಾ" ಎನ್ನುತ್ತಿದ್ದರು. ದಕ್ಷಿಣದವರೆಲ್ಲ ಇಲ್ಲಿಯವರಿಗೆ ಅಣ್ಣಾ. ಹೊರಗಿನಿಂದ ತರಿಸಿದ ಹುಲ್ಲಿನ ಬೀಜ ಬಿತ್ತಿದೆವು. ಸ್ವಾತಂತ್ರ್ಯ ದಿನಕ್ಕೆ ಉದ್ಘಾಟನೆ ಎಂದು ನಿಶ್ಚಯವಾಯಿತು.

ಬೀಜ ಮೊಳೆಯಲಿಲ್ಲ. ನೋಡಿದರೆ ದಪ್ಪ ಕರಿ ಇರುವೆಗಳು ಸಾಲುಗಟ್ಟಿ ಒಂದೊಂದೇ ಬೀಜ ಹೊತ್ತುಕೊಂಡು ಬೇವಿನ ಮರದ ಕೆಳಗಿನ ಗೂಡಿಗೆ ಸಾಗಿಸುತ್ತಿವೆ. ನನಗೆ ಪಿತ್ತ ನೆತ್ತಿಗೇರಿತು. ಎರಡನೇ ಸಲ ಬಿತ್ತಿದೆ. ಅದನ್ನೂ ಸಾಗಿಸಿದವು.

"ಪುಡಿ ಔಷಧ ತಾ" ಎಂದೆ.

ಶನಾಭಾಯಿ ತಲೆ ಕೆರೆದುಕೊಂಡ. "ಸಾಹೇಬ್, ಅಲ್ಲಿಗೆ ರೇವಾಬಾ ಬರ್ತಾರೆ."

ರೇವಾಬಾ ಎದುರು ಮನೆಯ ಅಜ್ಜಿ. ಗುಜರಾತಿನಲ್ಲಿ ಹಿರಿಯ ಹೆಂಗಸರನ್ನು ಬಾ ಎಂದು ಕರೆಯುತ್ತಾರೆ. ಎಪ್ಪತ್ತೈದು ದಾಟಿದವರು, ಕಣ್ಣಿಗೆ ಪೊರೆ, ಮಂಡಿ ಹಿಡಿದುಕೊಂಡಿತ್ತು. ಆದರೂ ಪ್ರತಿದಿನ ಬೆಳಕು ಹರಿಯುವ ಮೊದಲೇ ಸ್ಟೀಲಿನ ಡಬ್ಬಿ ಹಿಡಿದು ಬಂದು ಇರುವೆ ಗೂಡಿನ ಬಾಯಿಗೆ ಚಿಟಿಕೆ ಚಿಟಿಕೆ ಹಾಕಿ ಹೋಗುತ್ತಿದ್ದರು. ಸಜ್ಜೆ ಹಿಟ್ಟಿಗೆ ಬೆಲ್ಲ, ತುಪ್ಪ ಸೇರಿಸಿ, ಒಲೆಗಿಡದೆ ಕಲಸಿದ್ದು. ಅದಕ್ಕೆ ಕುಲೇರ್ ಎನ್ನುತ್ತಾರೆ. ಮನುಷ್ಯರೂ ಹಬ್ಬಕ್ಕೆ ಅದನ್ನೇ ಉಂಡೆ ಕಟ್ಟಿ ತಿನ್ನುತ್ತಾರೆ. ಇರುವೆಗೆ ಉಣಿಸುವುದು ಈ ಕಡೆ ದೊಡ್ಡ ಪುಣ್ಯದ ಕೆಲಸ. ನಾನು ಎಂಟಕ್ಕೆ ಬರುವವನಾದ್ದರಿಂದ ಅದನ್ನು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ.

"ಅವರಿಗೆ ಹೇಳಬೇಕು ಸಾಹೇಬ್. ಹೇಳದೆ ಹಾಕಬೇಡಿ."

"ನಾನೇ ಹೇಳ್ತೇನೆ. ನೀನು ಔಷಧ ಹಾಕು."

ಸಂಜೆ ಪುಡಿ ಹಾಕಿಸಿದೆ. ಔಷಧ ಹಾಕಿದ ಜಾಗಕ್ಕೆ ಹಗ್ಗ ಕಟ್ಟಿ ಹಲಗೆ ತೂಗುಹಾಕಬೇಕು ಎಂಬುದು ಈ ಕಸುಬಿನ ಮೊದಲ ಪಾಠ. ಉದ್ಘಾಟನೆಗೆ ಮುಂಚೆ ವಿಷದ ಹಲಗೆ ಕಂಡರೆ ಬಡಾವಣೆಯವರು ಗಲಾಟೆ ಮಾಡಿಯಾರು ಎಂದು ಹಾಕಲಿಲ್ಲ. ರೇವಾಬಾರ ಮನೆಗೆ ಹೋಗೋಣ ಎಂದುಕೊಂಡೆ. ಅಷ್ಟರಲ್ಲಿ ದವೆ ಸಾಹೇಬರು ಕಲ್ಲುಬೆಂಚುಗಳ ವಿಷಯಕ್ಕೆ ಕರೆದರು, ಹೋದೆ. ಮರೆತೇಬಿಟ್ಟೆ. ಇಷ್ಟೇ ನಡೆದದ್ದು. ಇದಕ್ಕಿಂತ ದೊಡ್ಡ ಕಾರಣ ಏನಾದರೂ ಇದ್ದಿದ್ದರೆ ಬರೆಯಲಿಕ್ಕಾದರೂ ಒಂದು ಮರ್ಯಾದೆ ಇರುತ್ತಿತ್ತು.

ಮರುದಿನ ನಾನು ಬಂದಾಗ ಬೇವಿನ ಮರದ ಕೆಳಗೆ ರೇವಾಬಾ ನೆಲದ ಮೇಲೆ ಕೂತಿದ್ದರು. ಮಡಿಲಲ್ಲಿ, ಸೆರಗಿನ ಮೇಲೆ, ಐದು ಹರಟೆಮಲ್ಲ ಹಕ್ಕಿಗಳು. ಪಕ್ಕದಲ್ಲಿ ಒಂದು ಅಳಿಲು. ಹರಟೆಮಲ್ಲಗಳು ಯಾವಾಗಲೂ ಆರೇಳು ಒಟ್ಟಾಗಿ ಗಲಾಟೆ ಮಾಡಿಕೊಂಡು ತಿರುಗುವಂಥವು, ಪಾರ್ಕಿನ ತುಂಬ ಅವುಗಳದೇ ಸದ್ದು. ಅವತ್ತು ಸದ್ದೇ ಇರಲಿಲ್ಲ. ಪೊರೆ ಬಂದ ಕಣ್ಣಿಗೆ ಮಬ್ಬುಬೆಳಕಿನಲ್ಲಿ ಬಿಳಿ ಪುಡಿ ಕಂಡಿರಲಿಲ್ಲ. ಅದರ ಮೇಲೆಯೇ ಅವರು ಕುಲೇರ್ ಹಾಕಿದ್ದರು. ಹಕ್ಕಿಗಳು ಬಂದು ತಿಂದವು.

ಹತ್ತಿರ ಹೋದೆ. ಬಾಯಿ ತೆರೆಯುವಷ್ಟರಲ್ಲಿ ಅವರೇ ಮಾತಾಡಿದರು.

"ನಾನು ಕೊಂದೆ ಅಣ್ಣಾ. ಧಾನ್ಯದ ಡಬ್ಬಿಯಲ್ಲಿ ಹುಳ ಬರದ ಹಾಗೆ ಪಾದರಸದ ಗುಳಿಗೆ ಇಟ್ಟಿದ್ದೆ. ಬಟ್ಟೆಯ ಗಂಟು ಸಡಿಲ ಆಗಿರಬೇಕು. ಸೊಸೆ ಹೇಳಿದ್ದಳು, ಬಾ, ಹಳೆ ಡಬ್ಬಿದು ಬೇಡ ಅಂತ. ಕೇಳಲಿಲ್ಲ. ಇರುವೆಗೆ ತಾನೇ ಅಂದ್ಕೊಂಡೆ. ಹಾಯ್ ಹಾಯ್, ಈ ಕೈಯಿಂದಲೇ ಇಟ್ಟೆನಲ್ಲಪ್ಪಾ!"

ಆಗ ನಾನು ಹೇಳಬೇಕಿತ್ತು. "ಇಲ್ಲ ಬಾ, ವಿಷ ನನ್ನದು." ನಾಲ್ಕೇ ನಾಲ್ಕು ಪದ. ಬದಲಿಗೆ "ಕೈ ಸೋಪು ಹಾಕಿ ತೊಳೀರಿ ಬಾ, ಚೆನ್ನಾಗಿ ತೊಳೀರಿ, ಸೀರೆ ಬದಲಾಯಿಸಿ" ಎಂದೆ. ಅವರು ಏಳಲಾರದೆ ಎದ್ದು, ತಮ್ಮ ಕೈಯನ್ನು ಮೈಗೆ ತಾಗಿಸದೆ ದೂರ ಹಿಡಿದುಕೊಂಡು ಮನೆಗೆ ಹೋದರು. ಡಬ್ಬಿ ಅಲ್ಲೇ ಉಳಿಯಿತು.

ನಾನೂ ಶನಾಭಾಯಿಯೂ ಆ ಜಾಗದ ಮಣ್ಣನ್ನೆಲ್ಲ ಗೇಣಾಳ ಕೆತ್ತಿ ಚೀಲಕ್ಕೆ ತುಂಬಿದೆವು, ಸುತ್ತ ಹಗ್ಗ ಕಟ್ಟಿ ಹಲಗೆ ಹಾಕಿದೆವು. ಹಿಂದಿನ ಸಂಜೆ ಐದು ನಿಮಿಷದಲ್ಲಿ ಆಗುತ್ತಿದ್ದ ಕೆಲಸ. ಹಕ್ಕಿಗಳನ್ನೂ ಅಳಿಲನ್ನೂ ಶನಾಭಾಯಿ ದೂರದಲ್ಲಿ ಆಳವಾಗಿ ಹೂತ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

"ಹೇಳಿದ್ರಾ ಬಾಗೆ?" ಅವನು ಕೇಳಿದ.

"ಹೇಳ್ತೇನೆ."

ಮಧ್ಯಾಹ್ನ ಅವನು ತನ್ನ ರೊಟ್ಟಿಯ ಗಂಟು ಎತ್ತಿಕೊಂಡು ಪಂಪಿನ ಮನೆಯ ಹಿಂದೆ ಹೋಗಿ ಒಬ್ಬನೇ ತಿಂದ.

ದವೆ ಸಾಹೇಬರಿಗೆ ಅಂದೇ ತಿಳಿಸಿದೆ. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಪಾಪ, ಆಗಬಾರದಿತ್ತು. ಆದರೆ ಈಗ ಹೇಳಿದರೆ ಬಡಾವಣೆಯವರು ಸುಮ್ಮನಿರೋದಿಲ್ಲ ಅಣ್ಣಾ. ಗುತ್ತಿಗೆ ಹೋದರೆ ನಲವತ್ತು ಮಾಲಿಗಳ ಕೆಲಸ ಹೋಗುತ್ತೆ. ಉದ್ಘಾಟನೆ ಮುಗಿಯಲಿ" ಎಂದರು. ನಲವತ್ತು ಮಾಲಿಗಳು! ಎಷ್ಟು ಒಳ್ಳೆಯ ನೆಪ ಸಿಕ್ಕಿತು ನನಗೆ. ಅದನ್ನು ದಿನಾ ಹೊದ್ದುಕೊಂಡು ಮಲಗಿದೆ.

ಉದ್ಘಾಟನೆ ಆಯಿತು. ಬೀಜ ಮೊಳೆಯದ ಕಡೆ ಬೇರೆಡೆಯಿಂದ ಹುಲ್ಲಿನ ಹಾಳೆ ತಂದು ಹೊದಿಸಿದ್ದೆವು. ಎಲ್ಲರೂ ಹೊಗಳಿದರು. ರೇವಾಬಾ ಗೇಟಿನ ಹೊರಗೆ ನಿಂತಿದ್ದರು. ನಾನು ಹೋಗಿ "ಒಳಗೆ ಬನ್ನಿ ಬಾ" ಎಂದೆ. "ಬೇಡಪ್ಪಾ, ನನ್ನ ಕಾಲು ಒಳಗೆ ಬೇಡ. ಚೆನ್ನಾಗಿ ಮಾಡಿದ್ದೀಯ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ" ಎಂದರು. ಆ ಆಶೀರ್ವಾದ ಮೈಮೇಲೆ ಕಾದ ಎಣ್ಣೆ ಬಿದ್ದ ಹಾಗೆ ಬಿತ್ತು. ಆದರೂ ಬಾಯಿ ಬಿಡಲಿಲ್ಲ ನೋಡಿ. ಈಗ ಉದ್ಘಾಟನೆಯ ನೆಪವೂ ಇರಲಿಲ್ಲ. ಅಷ್ಟು ದಿನ ಮುಚ್ಚಿಟ್ಟದ್ದೇ ಹೊಸ ನೆಪವಾಯಿತು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುತ್ತಾರಲ್ಲ, ಹಾಗೆ, ಎದುರು ಮನೆಯ ಕಡೆ ಮುಖ ಮಾಡದೆ ಹಿಂದಿನ ಗೇಟಿನಿಂದ ಓಡಾಡತೊಡಗಿದೆ.

ಶ್ರಾವಣದಲ್ಲಿ ಗುಜರಾತಿನ ಮನೆಗಳಲ್ಲಿ ಒಲೆ ಹಚ್ಚದ ಒಂದು ಸಪ್ತಮಿ ಬರುತ್ತದೆ. ಅದರ ಹಿಂದಿನ ದಿನವೇ ಎಲ್ಲ ಅಡುಗೆ ಮಾಡಿಡಬೇಕು. ಆ ಹಿಂದಿನ ದಿನ ಸಂಜೆ ನನ್ನ ಹೆಂಡತಿ ಸುಮತಿ ಹೊಲಿಗೆ ಕ್ಲಾಸಿನಿಂದ ಬಂದಳು. ರೇವಾಬಾರ ಸೊಸೆಯೂ ಅದೇ ಕ್ಲಾಸಿಗೆ ಬರುತ್ತಿದ್ದಳು.

"ಗೊತ್ತುಂಟಾ ನಿಮಗೆ? ನಿಮ್ಮ ಪಾರ್ಕಿನ ಎದುರಿನ ಅಜ್ಜಿ ಹಿಟ್ಟೇ ಮುಟ್ಟುದಿಲ್ಲವಂತೆ ಮಾರಾಯ್ರೇ. ಮನೆಯವರಿಗೆಲ್ಲ ರೊಟ್ಟಿ ಮಾಡ್ತಾ ಇದ್ದದ್ದೇ ಅವರು. ಈಗ ನನ್ನದು ವಿಷದ ಕೈ, ಮಕ್ಕಳು ತಿನ್ನುವುದಕ್ಕೆ ತಾಗಿಸಲಿಕ್ಕಿಲ್ಲ ಅಂತ ಮೂಲೆಯಲ್ಲಿ ಕೂತಿದ್ದಾರಂತೆ. ದಿನಕ್ಕೆ ಒಪ್ಪೊತ್ತು ಊಟ, ಚಾ ಸಹ ಬಿಟ್ಟಿದ್ದಾರೆ. ಇವತ್ತು ಎಲ್ಲರ ಮನೆಯಲ್ಲೂ ಅಜ್ಜಿಯಂದಿರದ್ದೇ ಕಾರುಬಾರು. ಇವರು ಅಡುಗೆಮನೆಗೇ ಬರಲಿಲ್ಲವಂತೆ. ಸೊಸೆ ಅಳ್ತಾ ಇತ್ತು, ಪಾಪ."

ಸುಮತಿ ದಿಟ್ಟಿಸಿ ನೋಡಿದಳು. "ಎಂತ ಆಯ್ತು? ನಿಮ್ಮ ಮುಖ ಯಾಕೆ ಹಾಗುಂಟು?"

ಎಲ್ಲ ಹೇಳಿದೆ. ಅವಳು ಬಯ್ಯಲಿಲ್ಲ. ಬಾಗಿಲ ಹತ್ತಿರ ಹೋಗಿ ನನ್ನ ಚಪ್ಪಲಿಗಳನ್ನು ತಿರುಗಿಸಿ ಹೊರಮುಖವಾಗಿ ಇಟ್ಟಳು. "ಹೋಗಿ ಬನ್ನಿ. ನೀವು ಹೋಗದಿದ್ರೆ ನಾನು ಹೋಗ್ತೇನೆ. ಆದರೆ ನಾನು ಹೋದ್ರೆ ಮತ್ತೆ ನಿಮಗೆ ಈ ಮನೆಯಲ್ಲಿ ಕೂತು ಊಟ ಸೇರಲಿಕ್ಕಿಲ್ಲ."

ಬೀದಿಯ ತುಂಬ ಕರಿದ ಎಣ್ಣೆಯ ಪರಿಮಳ. ರೇವಾಬಾ ಜಗಲಿಯ ತೂಗುಮಣೆಯ ಮೇಲೆ ಒಬ್ಬರೇ ಕೂತಿದ್ದರು. ಒಳಗೆ ಸೊಸೆ ಪಾತ್ರೆ ಸದ್ದು ಮಾಡುತ್ತಿದ್ದಳು. ನಾನು ಮೆಟ್ಟಿಲ ಮೇಲೆ ಕೂತು, ನೆಲ ನೋಡಿಕೊಂಡು ಹೇಳಿದೆ. ಪುಡಿ ಹಾಕಿಸಿದ್ದು, ಹೇಳಲು ಮರೆತದ್ದು, ಹಲಗೆ ಹಾಕದೆ ಇದ್ದದ್ದು. "ನಿಮ್ಮ ಹಿಟ್ಟಿನಲ್ಲಿ ಏನೂ ಇರಲಿಲ್ಲ ಬಾ. ನಿಮ್ಮ ಕೈಯಲ್ಲಿ ಏನೂ ಇರಲಿಲ್ಲ."

ಅವರು ಕಾಲೂರಿ ತೂಗುಮಣೆ ನಿಲ್ಲಿಸಿದರು.

"ಎಷ್ಟು ದಿನದಿಂದ ಗೊತ್ತು?"

"ಮೊದಲ ದಿನದಿಂದ."

"ಹತ್ತೊಂಬತ್ತು ದಿನ." ಅವರು ಎಣಿಸಿಕೊಂಡಿದ್ದರು. "ಹಕ್ಕಿಗಳನ್ನು ಗೊತ್ತಿಲ್ಲದೆ ಕೊಂದೆ, ಸರಿ. ನನ್ನನ್ನು ಗೊತ್ತಿದ್ದೂ ಕೊಲ್ತಾ ಇದ್ದೆ, ಅಲ್ಲವೇನೋ?"

ನನಗೆ ಅಳು ತಡೆಯಲಾಗಲಿಲ್ಲ. ನಲವತ್ತೈದರ ಗಂಡಸು, ಬೀದಿಯವರೆಲ್ಲ ನೋಡುವ ಹಾಗೆ ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಒಳಗೆ ಪಾತ್ರೆಯ ಸದ್ದು ನಿಂತಿತ್ತು.

"ಈಗ ಹೋಗು" ಎಂದರು.

ಈ ಊರಿನಲ್ಲಿ ಮನೆಗೆ ಬಂದವರನ್ನು, ಸೀಮೆಎಣ್ಣೆ ಮಾರುವವನನ್ನೂ, ನೀರು ಕೊಡದೆ ಕಳಿಸುವುದಿಲ್ಲ. ಅಂದು ನನಗೆ ಯಾರೂ ನೀರು ತರಲಿಲ್ಲ. ಕೊಡದೆ ಇದ್ದದ್ದೇ ಸರಿ ಎನಿಸಿತು. ಪಾರ್ಕಿಗೆ ಬಂದು ಶನಾಭಾಯಿಗೆ "ಹೇಳಿದೆ" ಎಂದೆ. ಅವನು ಜೇಬಿನಿಂದ ಬೀಡಿ ಕಟ್ಟು ತೆಗೆದು, ಸೇದದ ನನಗೂ ಒಂದು ಕೊಟ್ಟ.

ಮರುದಿನ ಸಪ್ತಮಿ. ನಾಳೆ ಬಡಾವಣೆಯವರು ಬರುತ್ತಾರೆ, ಬಯ್ಯುತ್ತಾರೆ, ಕೆಲಸವೂ ಹೋಗುತ್ತದೆ ಎಂದು ಲೆಕ್ಕ ಹಾಕಿ ಹಾಕಿ ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲ. ಬೆಳಕು ಹರಿಯುವ ಮೊದಲೇ ಪಾರ್ಕಿಗೆ ಹೋದೆ. ಅಷ್ಟು ವರ್ಷದಲ್ಲಿ ಆ ಹೊತ್ತಿಗೆ ಹೋದದ್ದು ಅದೇ ಮೊದಲು.

ಗೇಟು ಕಿರ್ರೆಂದಿತು. ರೇವಾಬಾ ಒಳಗೆ ಬಂದರು. ಒಂದು ಕೈ ಮಂಡಿಯ ಮೇಲೆ, ಇನ್ನೊಂದರಲ್ಲಿ ಸ್ಟೀಲಿನ ಡಬ್ಬಿ. ಶನಾಭಾಯಿ ಅದನ್ನು ತೊಳೆದು ಎತ್ತಿಟ್ಟಿದ್ದವನು ರಾತ್ರಿಯೇ ಅವರ ಮನೆಗೆ ಮುಟ್ಟಿಸಿದ್ದನಂತೆ. ಸೀದಾ ನನ್ನ ಮುಂದೆ ಬಂದು ನಿಂತು ಮುಚ್ಚಳ ತೆಗೆದರು. ಹೊಸದಾಗಿ ಕಲಸಿದ ಕುಲೇರ್. ತುಪ್ಪದ, ಬೆಲ್ಲದ ಪರಿಮಳ. ಅವರ ಉಗುರಿನ ಸಂದಿಯಲ್ಲಿ ಹಿಟ್ಟು ಇನ್ನೂ ಅಂಟಿಕೊಂಡಿತ್ತು.

"ಅದೇ ಹಳೆ ಧಾನ್ಯದ ಡಬ್ಬಿಯ ಸಜ್ಜೆ" ಎಂದರು. "ಬಾಯಿ ತೆಗಿ."

ತೆಗೆದೆ. ನಿಂಬೆಗಾತ್ರದ ಉಂಡೆಯನ್ನು ತಮ್ಮ ಕೈಯಿಂದಲೇ ಬಾಯಿಗಿಟ್ಟರು. ನಾನು ಅಗಿದು ನುಂಗುವ ತನಕ ಕಣ್ಣು ಕಿರಿದು ಮಾಡಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು. ಬಳಿಕ ತಮ್ಮ ಅಂಗೈಯನ್ನು ಮೇಲೆತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು.

"ಒಳ್ಳೆ ಕೈಯೇ" ಎಂದರು, ನನಗಲ್ಲ, ತಮಗೇ.

ಬೇವಿನ ಕೆಳಗಿನ ಗೂಡು ಸತ್ತುಹೋಗಿತ್ತು. ಗೋಡೆಯ ಬದಿಗೆ, ನಾವು ಹುಲ್ಲು ಹೊದಿಸದೆ ಬಿಟ್ಟ ಒಂದು ಮೊಳ ಜಾಗದಲ್ಲಿ ಹೊಸ ಗೂಡು ಎದ್ದಿತ್ತು. ಶನಾಭಾಯಿ ಅದನ್ನು ನನಗೆ ತೋರಿಸಿದ್ದ. ರೇವಾಬಾರ ಮೊಣಕೈ ಹಿಡಿದು ಅಲ್ಲಿಗೆ ಕರೆದುಕೊಂಡು ಹೋದೆ. ಅವರು ಬಗ್ಗಲು ನೋಡಿದರು, ಮಂಡಿ ಬಗ್ಗಲಿಲ್ಲ. ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು.

"ನಿಂತು ನೋಡ್ತೀಯೇನು? ಕೂತ್ಕೋ, ಹಾಕು. ಅವಕ್ಕೂ ಹತ್ತೊಂಬತ್ತು ದಿನದ ಹಸಿವು."

ನಾನು ಒದ್ದೆ ಮಣ್ಣಿನಲ್ಲಿ ಮೊಣಕಾಲೂರಿ ಕೂತು, ಚಿಟಿಕೆ ಚಿಟಿಕೆಯಾಗಿ ಹಾಕತೊಡಗಿದೆ.